ಗೆಳತಿಯರಿಗೆ ಹೇಳಿಕೊಟ್ಟರೆ ಮಗಳ ಓದು ಕೆಡುತ್ತಾ?

ದಾವಣಗೆರೆಯ ನಿಟುವಳ್ಳಿಯಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಮಗಳು ಹತ್ತನೇ ಕ್ಲಾಸು, ಓದಿನಲ್ಲಿ ಮುಂದೆ. ದಿನಾ ಸಂಜೆ ಇಬ್ಬರು ಗೆಳತಿಯರು ಮನೆಗೆ ಬರುತ್ತಾರೆ. ಇವಳು ಅವರಿಗೆ ಗಣಿತ ಹೇಳಿಕೊಡುತ್ತಾಳೆ. ‘ಬೇರೆಯವರ ಮಕ್ಕಳನ್ನ ಪಾಸು ಮಾಡಿಸೋಕೆ ಹೋಗಿ ನನ್ನ ಮಗಳ ಮಾರ್ಕ್ಸ್ ಕಡಿಮೆ ಆದ್ರೆ ಏನು ಗತಿ? ಇನ್ನು ಸಾಕು ಅಂತ ಹೇಳಲಾ?’ ಎಂದು ಕೇಳಿದ್ದಾರೆ.

ಅಕ್ಕಾ, ನಮಸ್ಕಾರ. ದಯವಿಟ್ಟು ಸಾಕು ಅನ್ನಬೇಡಿ. ಆ ಹೊತ್ತಿನಲ್ಲಿ ಎಲ್ಲರಿಗಿಂತ ಜಾಸ್ತಿ ಕಲಿಯುತ್ತಿರುವುದು ನಿಮ್ಮ ಮಗಳೇ.

ನನ್ನದೇ ಅನುಭವ ಹೇಳುತ್ತೇನೆ. ಚಿತ್ರದುರ್ಗದಲ್ಲಿ ಹೈಸ್ಕೂಲು ಓದುವಾಗ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ ಭಿನ್ನರಾಶಿ ಅಂದರೆ ಕೈಕಾಲು ನಡುಗುತ್ತಿತ್ತು. ಅರ್ಧಕ್ಕೆ ಕಾಲು ಕೂಡಿಸು ಅಂದರೆ ಮೇಲಿನ ಒಂದಕ್ಕೆ ಒಂದು, ಕೆಳಗಿನ ಎರಡಕ್ಕೆ ನಾಲ್ಕು ಕೂಡಿಸಿ 2/6 ಅಂತ ಬರೆದುಬಿಡುತ್ತಿದ್ದ. ‘ಹಂಗಲ್ಲ, ಮೊದಲು ಛೇದ ಒಂದೇ ಮಾಡ್ಕೋ’ ಅಂದೆ. ‘ಯಾಕೆ?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಪರೀಕ್ಷೆಯಲ್ಲಿ ಆ ಲೆಕ್ಕಕ್ಕೆ ನನಗೆ ಪೂರ್ತಿ ಅಂಕ ಬರುತ್ತಿತ್ತು, ಆದರೆ ಯಾಕೆ ಹಾಗೆ ಮಾಡಬೇಕು ಅಂತ ನನಗೂ ಗೊತ್ತಿರಲಿಲ್ಲ, ಮತ್ತೆ ಗೊತ್ತಿಲ್ಲ ಅನ್ನುವುದು ಅವನು ಕೇಳುವ ತನಕ ನನಗೆ ತಿಳಿದೇ ಇರಲಿಲ್ಲ.

ಮಾರನೇ ದಿನ ಅವ್ವ ಅಕ್ಕಿ ಅಳೆಯುವಾಗ ಹೊಳೆಯಿತು. ನಾಲ್ಕು ಪಾವಿಗೆ ಒಂದು ಸೇರು. ಅರ್ಧ ಸೇರು ಅಂದರೆ ಎರಡು ಪಾವು. ಅದಕ್ಕೆ ಇನ್ನೊಂದು ಪಾವು ಹಾಕಿದರೆ ಮೂರು ಪಾವು, ಅಂದರೆ ಮುಕ್ಕಾಲು ಸೇರು. ಎರಡನ್ನೂ ಪಾವಿನಲ್ಲಿ ಎಣಿಸಿದೆವಲ್ಲ, ಛೇದ ಒಂದೇ ಮಾಡುವುದು ಅಂದರೆ ಅಷ್ಟೇ. ಅವನು ಬರೆದ 2/6 ಅಂದರೆ ಮೂರರಲ್ಲಿ ಒಂದು ಪಾಲು, ಅರ್ಧಕ್ಕಿಂತಲೂ ಕಡಿಮೆ. ಅಕ್ಕಿ ಹಾಕಿದ ಮೇಲೆ ಅಕ್ಕಿ ಕಡಿಮೆ ಆಗುತ್ತಾ? ಪಾವನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಶಾಲೆಯ ಹಿಂದೆ ಮಣ್ಣು ತುಂಬಿ ತುಂಬಿ ಸುರಿದು ತೋರಿಸಿದೆ. ಮೂರನೇ ಪಾವು ಸುರಿಯುವ ಮೊದಲೇ ಅವನು ನನ್ನ ಕೈ ಹಿಡಿದು ‘ತಡಿ, ನಾನು ಹೇಳ್ತೀನಿ’ ಅಂದ. ಆ ಮುಖ ನನಗೆ ಇವತ್ತಿಗೂ ಕಣ್ಣಮುಂದೆ ಇದೆ. ನನಗೆ ಬಂದ ಯಾವ ಬಹುಮಾನವೂ ಅಷ್ಟು ನೆನಪಿಲ್ಲ.

ಮಕ್ಕಳೇ ಮಕ್ಕಳಿಗೆ ಹೇಳಿಕೊಡುವುದು ಹೊಸ ವಿಷಯವೇನೂ ಅಲ್ಲ. 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದರು. ಅಲ್ಲಿನ ಊರ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುವುದನ್ನು ಕಂಡರು. ತಮ್ಮ ಶಾಲೆಯಲ್ಲೂ ಮರಳು ತರಿಸಿದರು. ಮೇಷ್ಟ್ರುಗಳು ಒಪ್ಪದಿದ್ದಾಗ ಎಂಟು ವರ್ಷದ ಒಬ್ಬ ಹುಡುಗನಿಗೇ ಚಿಕ್ಕವರ ಪಾಠ ಒಪ್ಪಿಸಿದರು. ಅದು ನಡೆಯಿತು. 1797ರಲ್ಲಿ ಅದರ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ತಂದರು. ಆಮೇಲೆ ಇಂಗ್ಲೆಂಡಿನ ಎಷ್ಟೋ ಶಾಲೆಗಳು ‘ಮದ್ರಾಸ್ ಪದ್ಧತಿ’ ಅಂತಲೇ ಇದನ್ನು ಅನುಸರಿಸಿದವು. ನಮ್ಮ ಕಡೆ ಹಿಂದಿನ ಕಾಲದ ಊರ ಶಾಲೆಗಳಾದ ಕೂಲಿಮಠಗಳಲ್ಲೂ ದೊಡ್ಡ ಹುಡುಗ ಮಗ್ಗಿ ಹೇಳಿಕೊಡುವುದು, ಉಳಿದವರು ಕೂಗುವುದು ಇತ್ತು, ಅಲ್ವಾ?

ಮೇಷ್ಟ್ರು ಹೇಳಿದ್ದು ತಲೆಗೆ ಹೋಗದ್ದು ಗೆಳತಿ ಹೇಳಿದರೆ ಹೋಗುತ್ತದೆ. ಮೇಷ್ಟ್ರಿಗೆ ಆ ಲೆಕ್ಕ ಇಪ್ಪತ್ತು ವರ್ಷದಿಂದ ಬರುತ್ತದೆ, ತಾವು ಎಲ್ಲಿ ಎಡವಿದ್ದೆವು ಅನ್ನುವುದು ಮರೆತೇ ಹೋಗಿರುತ್ತದೆ. ನಿಮ್ಮ ಮಗಳು ಹೋದ ತಿಂಗಳು ತಾನೇ ಎಡವಿ ಎದ್ದವಳು. ಜೊತೆಗೆ, ಗೆಳತಿಯ ಹತ್ತಿರ ಅದೇ ಪ್ರಶ್ನೆಯನ್ನು ನಾಲ್ಕು ಸಾರಿ ಕೇಳಬಹುದು. ಯಾರೂ ನಗುವುದಿಲ್ಲ.

ನಿಮ್ಮ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 625 ಅಂಕ, ಅದರಲ್ಲಿ ಗಣಿತದ್ದು ಬರೀ 100. ಗಣಿತ ಹೇಳಿಕೊಟ್ಟರೆ ಸಮಾಜ ವಿಜ್ಞಾನ ತಾನಾಗಿಯೇ ಬರುವುದಿಲ್ಲ. ಆದ್ದರಿಂದ ದಿನಕ್ಕೆ ಒಂದು ಗಂಟೆ ಅಂತ ಗಡಿ ಹಾಕಿ. ಗೆಳತಿಯರ ಹೋಮ್‌ವರ್ಕ್ ಇವಳು ಬರೆದುಕೊಡುವುದು ಮಾತ್ರ ಬೇಡವೇ ಬೇಡ, ಅದರಿಂದ ಮೂವರಿಗೂ ನಷ್ಟ. ಪೆನ್ನು ಯಾವಾಗಲೂ ಕಲಿಯುವವಳ ಕೈಯಲ್ಲಿರಲಿ. ಆಗಾಗ ಪಾತ್ರ ಅದಲುಬದಲಾಗಲಿ. ಆ ಇಬ್ಬರಲ್ಲಿ ಒಬ್ಬಳಿಗೆ ಕನ್ನಡ ವ್ಯಾಕರಣ ಚೆನ್ನಾಗಿ ಬರಬಹುದು, ಸಂಧಿ ಸಮಾಸ ಅವಳು ಹೇಳಲಿ, ನಿಮ್ಮ ಮಗಳು ಕೂತು ಕೇಳಲಿ. ಸದಾ ಕೇಳಿಸಿಕೊಳ್ಳುವವಳೇ ಆಗಿದ್ದ ಹುಡುಗಿಗೆ ಅವತ್ತು ಎಷ್ಟು ಧೈರ್ಯ ಬರುತ್ತದೆ ಅನ್ನುವುದನ್ನು ನೀವೇ ನೋಡುತ್ತೀರಿ.

ಇವತ್ತು ಸಂಜೆ ಅವರು ಬಂದಾಗ ಮಂಡಕ್ಕಿ ಕಲಸಿ ಕೊಡುವ ನೆಪದಲ್ಲಿ ಹತ್ತು ನಿಮಿಷ ಅಲ್ಲೇ ನಿಂತುಕೊಳ್ಳಿ. ಏನೂ ಹೇಳಬೇಡಿ, ಸುಮ್ನೆ ಕೇಳಿ. ಗೆಳತಿ ‘ಯಾಕೆ?’ ಅಂದಾಗ ನಿಮ್ಮ ಮಗಳು ಏನು ಮಾಡುತ್ತಾಳೆ ನೋಡಿ. ನೋಡಿದ್ದನ್ನು ನನಗೆ ಬರೆಯಿರಿ ಅಕ್ಕಾ, ಕಾಯುತ್ತಿರುತ್ತೇನೆ.

– ಸಂಪಾದಕ