ಬ್ರುಸೆಲ್ಲೋಸಿಸ್ (ಜಾನುವಾರುಗಳಿಂದ ಮನುಷ್ಯರಿಗೆ ಹರಡುವ ಬ್ಯಾಕ್ಟೀರಿಯಾ ಸೋಂಕು) ಜ್ವರ ಬಂದಾಗ ಲಿವರ್‌ಗೆ ಏನಾಗುತ್ತದೆ?

ಅನೇಕರಲ್ಲಿ ಲಿವರ್ ಸ್ವಲ್ಪ ಊದಿಕೊಳ್ಳುತ್ತದೆ, ಅಷ್ಟೇ. ರಕ್ತ ಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಲಿವರ್ ಎಂಜೈಮ್‌ಗಳು ತುಸು ಜಾಸ್ತಿ ಬರಬಹುದು. ಕಾಮಾಲೆ ಕಾಣಿಸುವುದು ಕಡಿಮೆ, ಲಿವರ್ ಪೂರ್ತಿ ಕೈಕೊಡುವುದಂತೂ ತೀರಾ ಅಪರೂಪ.

ಲಿವರ್‌ಗೇ ಯಾಕೆ ಅಂದರೆ, ಕಾಯಿಸದ ಹಾಲಿನಿಂದಲೋ, ಕಂದು ಹಾಕಿದ (ಗರ್ಭಪಾತವಾದ) ಹಸು ಕುರಿಗಳ ಮಾಸನ್ನು ಬರಿಗೈಯಲ್ಲಿ ತೆಗೆದಾಗಲೋ ಒಳಹೊಕ್ಕ ಬ್ರುಸೆಲ್ಲಾ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ, ರಕ್ತದಲ್ಲಿ ಬಂದ ರೋಗಾಣುಗಳನ್ನು ಹಿಡಿದು ನುಂಗುವ ಕುಪ್ಫರ್ ಕೋಶಗಳು ಲಿವರ್ ತುಂಬಾ ಇರುತ್ತವೆ. ಅವು ಇದನ್ನೂ ನುಂಗುತ್ತವೆ. ತೊಂದರೆ ಶುರುವಾಗುವುದೇ ಇಲ್ಲಿ: ನುಂಗಿದ ಮೇಲೂ ಒಂದಷ್ಟು ಬ್ಯಾಕ್ಟೀರಿಯಾ ಸಾಯದೆ, ಆ ಕೋಶದೊಳಗೇ ಮನೆ ಮಾಡಿಕೊಂಡು ಹೆಚ್ಚುತ್ತವೆ. ಆಗ ದೇಹ ಇನ್ನಷ್ಟು ರಕ್ಷಣಾ ಕೋಶಗಳನ್ನು ಕಳಿಸಿ ಸುತ್ತುವರಿಯುತ್ತದೆ. ಹೀಗೆ ಕಟ್ಟಿಕೊಳ್ಳುವ ಪುಟ್ಟ ಗಂಟುಗಳನ್ನು ಗ್ರ್ಯಾನುಲೋಮಾ ಅನ್ನುತ್ತಾರೆ, ಸಾಮಾನ್ಯವಾಗಿ ಮೈಕ್ರೋಸ್ಕೋಪ್‌ನಲ್ಲಿ ಮಾತ್ರ ಕಾಣುವಷ್ಟು ಚಿಕ್ಕವು. ಗುಲ್ಮ (ಸ್ಪ್ಲೀನ್) ಊದುವುದೂ ಹೀಗೇ.

ಕೋಶದೊಳಗೆ ಅಡಗಿದ್ದನ್ನು ಕೊಲ್ಲಲು ಸಮಯ ಬೇಕು ಅಲ್ವಾ, ಅದಕ್ಕೇ ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಆ್ಯಂಟಿಬಯಾಟಿಕ್ ಸೇರಿಸಿ ಸಾಮಾನ್ಯವಾಗಿ 6 ವಾರ ಚಿಕಿತ್ಸೆ ಕೊಡುತ್ತಾರೆ. ಜ್ವರ ಇಳಿಯಿತು ಅಂತ ಮಧ್ಯದಲ್ಲೇ ಬಿಟ್ಟರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಚಿಕಿತ್ಸೆ ಸರಿಯಾಗಿ ಮುಗಿಸಿದರೆ ಲಿವರ್ ಬಹುತೇಕ ಮೊದಲಿನಂತೇ ಆಗುತ್ತದೆ. ಒಂದು ವಿಷಯ: ಆ ಎರಡನೇ ಔಷಧಿ ರಿಫಾಂಪಿಸಿನ್ ಆಗಿದ್ದರೆ, ಅದೇ ಲಿವರ್ ಎಂಜೈಮ್ ಏರಿಸಬಲ್ಲದು. ಹಾಗಾಗಿ ನಡುವೆ ರಿಪೋರ್ಟ್ ಏರುಪೇರಾದರೆ ಸುಮ್ನೆ ಗಾಬರಿಯಾಗಿ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ.