ನಾಲ್ಕೈದು ದಿನಕ್ಕೊಮ್ಮೆ ಕಕ್ಕ, ದಿನವೂ ಚಡ್ಡಿ ಕೊಳೆ

ಮಕ್ಕಳ ಜೀರ್ಣಾಂಗ ತಜ್ಞರು ಈ ವಾರ ಮೂರು ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗನಿಗೆ ಐದೂವರೆ ವರ್ಷ, ತೂಕ 18 ಕಿಲೋ. ನಾಲ್ಕೈದು ದಿನಕ್ಕೊಮ್ಮೆ ಎರಡಕ್ಕೆ ಹೋಗುತ್ತಾನೆ. ಹೋದ ದಿನ ಕಮೋಡ್ ಕಟ್ಟಿಕೊಳ್ಳುವಷ್ಟು ದಪ್ಪ. ಉಳಿದ ದಿನ ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ತೆಳ್ಳಗೆ ಆಗಿರುತ್ತದೆ. ಕೇಳಿದರೆ ಗೊತ್ತೇ ಆಗಲಿಲ್ಲ ಅನ್ನುತ್ತಾನೆ. ಭೇದಿ ಅಂದುಕೊಂಡು ಭೇದಿ ನಿಲ್ಲುವ ಔಷಧಿ ಕೊಡಿಸಿದೆವು, ಇನ್ನೂ ಜಾಸ್ತಿಯಾಯಿತು. ಸ್ಕೂಲಿನಲ್ಲಿ ಮಿಸ್ ಎರಡು ಸಲ ಕರೆಸಿ ಹೇಳಿದ್ದಾರೆ. ‘ನೀನೇ ಮುದ್ದು ಮಾಡಿ ಹಾಳು ಮಾಡಿದ್ದೀಯ’ ಅಂತ ಅತ್ತೆ ಬೈಯುತ್ತಾರೆ. ತಡೆಯಲಾರದೆ ನಾನೂ ಎರಡು ಸಲ ಹೊಡೆದಿದ್ದೇನೆ. ಕರುಳಿನ ಕಾಯಿಲೆಯಾ? ಸ್ಕ್ಯಾನ್ ಮಾಡಿಸಬೇಕಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಅವನು ‘ಗೊತ್ತೇ ಆಗಲಿಲ್ಲ’ ಅನ್ನುತ್ತಾನಲ್ಲ, ಅದು ನಿಜ. ಅವನಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲ ಕೆಲಸ, ಹೊಡೆಯುವುದು ಬೈಯುವುದು ಎರಡೂ ಇವತ್ತೇ ನಿಲ್ಲಲಿ. ನಿಮ್ಮ ಮೇಲೆ ನನಗೆ ಬೇಸರವಿಲ್ಲ. ಇದೇ ತೊಂದರೆ ಇರುವ ಮಗುವನ್ನು ಕರೆತರುವ ಎಷ್ಟೋ ತಾಯಂದಿರು ಇದೇ ಮಾತು ಹೇಳಿ ಕಣ್ಣು ಒರೆಸಿಕೊಳ್ಳುತ್ತಾರೆ. ಮಗನದೂ ತಪ್ಪಲ್ಲ, ನಿಮ್ಮದೂ ಅಲ್ಲ.

ಇದು ಶುರುವಾಗುವುದು ಹೀಗೆ. ಯಾವತ್ತೋ ಒಂದು ದಿನ ಗಟ್ಟಿಯಾಗಿ ಹೋಗಿ ನೋವಾಗಿರುತ್ತದೆ. ಜ್ವರ ಬಂದು ಸರಿಯಾಗಿ ನೀರು ಕುಡಿಯದ ವಾರವಿರಬಹುದು. ಸ್ಕೂಲಿಗೆ ಸೇರಿದ ಹೊಸದರಲ್ಲಿ, ಅಲ್ಲಿನ ಟಾಯ್ಲೆಟ್ ಇಷ್ಟವಾಗದೆ ತಡೆದುಕೊಂಡಿರಬಹುದು. ಒಮ್ಮೆ ನೋವಾದ ಮೇಲೆ ಮಗು ‘ಇನ್ನು ಹೋಗುವುದೇ ಬೇಡ’ ಅಂತ ನಿರ್ಧರಿಸಿಬಿಡುತ್ತದೆ. ತಡೆದಷ್ಟೂ ದೊಡ್ಡ ಕರುಳು ಮಲದಲ್ಲಿರುವ ನೀರನ್ನು ಹೀರಿಕೊಳ್ಳುತ್ತದೆ. ಮಲ ಇನ್ನೂ ಗಟ್ಟಿ, ಮುಂದಿನ ಸಲ ಇನ್ನೂ ನೋವು.

ನಮ್ಮ ಕ್ಲಿನಿಕ್ಕಿನಲ್ಲಿ ತಂದೆತಾಯಿ ಮಾತಾಡುತ್ತಿರುವಾಗಲೇ ಇದನ್ನು ಕಣ್ಣಾರೆ ನೋಡುವುದುಂಟು. ಆಟವಾಡುತ್ತಿದ್ದ ಮಗು ಥಟ್ಟನೆ ಸುಮ್ಮನಾಗುತ್ತದೆ. ಪರದೆಯ ಹಿಂದೆ ಹೋಗಿ ಮಂಚದ ಅಂಚು ಹಿಡಿದು ನಿಲ್ಲುತ್ತದೆ. ತುದಿಗಾಲಿನ ಮೇಲೆ ನಿಂತು, ಕಾಲಿಗೆ ಕಾಲು ಹೆಣೆದು, ಕುಂಡೆ ಬಿಗಿಹಿಡಿಯುತ್ತದೆ. ಮುಖ ಕೆಂಪಗಾಗುತ್ತದೆ. ‘ನೋಡಿ ಡಾಕ್ಟ್ರೇ, ಪಾಪ, ಎಷ್ಟು ಮುಕ್ಕುತ್ತಾನೆ, ಆದರೂ ಬರಲ್ಲ’ ಅನ್ನುತ್ತಾರೆ ತಾಯಿ. ಆದರೆ ಆ ಮಗು ಮುಕ್ಕುತ್ತಿರುವುದಿಲ್ಲ. ಹೊರಗೆ ಬರದಂತೆ ಶಕ್ತಿಯೆಲ್ಲ ಹಾಕಿ ತಡೆಯುತ್ತಿರುತ್ತದೆ. ನಾಳೆಯಿಂದ ನಿಮ್ಮ ಮಗನನ್ನು ಸುಮ್ನೆ ಗಮನಿಸಿ. ನಿಮಗೂ ಕಾಣಬಹುದು.

ತಿಂಗಳುಗಟ್ಟಲೆ ಹೀಗಾದರೆ ಗುದನಾಳ ಹಿಗ್ಗುತ್ತದೆ. ಹಳೇ ಚಡ್ಡಿಯ ಎಲಾಸ್ಟಿಕ್ ಸಡಿಲವಾದ ಹಾಗೆ. ಆಮೇಲೆ ಅದು ತುಂಬಿದೆ ಅನ್ನುವ ಸುದ್ದಿಯೇ ಮಗುವಿಗೆ ಮುಟ್ಟುವುದಿಲ್ಲ. ಮೇಲಿನಿಂದ ಬರುವ ತೆಳು ಮಲ ಅಲ್ಲಿ ಕಟ್ಟಿರುವ ಗಟ್ಟಿ ಮಲದ ಗಡ್ಡೆಯ ಪಕ್ಕದಲ್ಲೇ ಜಾರಿ ಚಡ್ಡಿಗೆ ಇಳಿಯುತ್ತದೆ. ಅದು ಭೇದಿ ಅಲ್ಲ, ಮಲಬದ್ಧತೆಯೇ. ಭೇದಿ ನಿಲ್ಲಿಸುವ ಔಷಧಿ ಕರುಳಿನ ಓಟವನ್ನು ಇನ್ನೂ ನಿಧಾನ ಮಾಡಿತು, ಅದಕ್ಕೇ ಜಾಸ್ತಿಯಾಯಿತು.

ಸ್ಕ್ಯಾನ್, ಎಕ್ಸ್‌ರೇ ಬೇಡ. ಮಕ್ಕಳ ಮಲಬದ್ಧತೆಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳಲ್ಲಿ ಹಿಂದೆ ಬೇರೆ ಕಾಯಿಲೆ ಇರುವುದಿಲ್ಲ. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2014ರಲ್ಲಿ ಕೊಟ್ಟ ಮಾರ್ಗಸೂಚಿಯೂ ಎಲ್ಲರಿಗೂ ಇವನ್ನು ಮಾಡಿಸಬೇಡಿ ಅನ್ನುತ್ತದೆ. ಸರಿಯಾಗಿ ಕೇಳಿ ತಿಳಿದು, ಹೊಟ್ಟೆ ಒತ್ತಿ ನೋಡಿ, ಬೆನ್ನು, ಕಾಲು, ಗುದದ ಜಾಗ ನೋಡಿದರೆ ಸಾಕು. ಎಡಭಾಗದಲ್ಲಿ, ಹೊಕ್ಕುಳ ಕೆಳಗೆ ಗಟ್ಟಿ ಗಡ್ಡೆ ಎಷ್ಟೋ ಸಲ ಕೈಗೇ ಸಿಗುತ್ತದೆ. ಮಗು ಬೆಳೆಯುತ್ತಿಲ್ಲ, ಬೆನ್ನಿನ ಕೆಳಗೆ ಗುಳಿಯೋ ಕೂದಲ ಗೊಂಚಲೋ ಇದೆ, ಕಾಲಲ್ಲಿ ಬಲವಿಲ್ಲ, ಹಸಿರು ವಾಂತಿಯಾಗುತ್ತದೆ ಅಂದರೆ ಮಾತ್ರ ಮುಂದಿನ ಪರೀಕ್ಷೆ.

ಚಿಕಿತ್ಸೆಗೆ ಎರಡು ಹಂತ. ಮೊದಲು ಕಟ್ಟಿರುವುದನ್ನು ಪೂರ್ತಿ ಖಾಲಿ ಮಾಡಬೇಕು. ಇದಕ್ಕೆ ನಾವು ಕೊಡುವುದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ನೀರಿನಲ್ಲಿ ಕಲಸಿ ಕುಡಿಸುವುದು. ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ, ಅಂದರೆ ನಿಮ್ಮ ಮಗನಿಗೆ 18ರಿಂದ 27 ಗ್ರಾಂ, 3ರಿಂದ 6 ದಿನ. ಆ ದಿನಗಳಲ್ಲಿ ಚಡ್ಡಿ ಇನ್ನೂ ಕೆಡುತ್ತದೆ, ಹೆದರಬೇಡಿ. ರಜೆ ನೋಡಿಕೊಂಡು ಶುರು ಮಾಡಿ. ಆಮೇಲೆ ಎರಡನೇ ಹಂತ: ಕಿಲೋಗೆ ಸುಮಾರು 0.4 ಗ್ರಾಂ, ಅವನಿಗೆ ದಿನಕ್ಕೆ 7 ಗ್ರಾಂ ಆಸುಪಾಸು. ದಿನಕ್ಕೊಮ್ಮೆ ಮೆತ್ತಗೆ, ನೋವಿಲ್ಲದೆ ಆಗುವಂತೆ ಡೋಸ್ ಹೆಚ್ಚುಕಡಿಮೆ ಮಾಡುತ್ತೇವೆ. ಮಗುವನ್ನು ಮುಟ್ಟಿ ನೋಡದೆ ಇದನ್ನು ಶುರು ಮಾಡಬಾರದು. ನಿಮ್ಮೂರಿನ ಮಕ್ಕಳ ಡಾಕ್ಟರಿಗೆ ಈ ಲೆಕ್ಕ ತೋರಿಸಿ.

ಇಲ್ಲೇ ಬಹಳ ಮನೆಗಳಲ್ಲಿ ಎಡವಟ್ಟಾಗುವುದು. ಹದಿನೈದು ದಿನ ಚೆನ್ನಾಗಿ ಆಗುತ್ತದೆ. ‘ಅಭ್ಯಾಸವಾಗಿಬಿಟ್ಟರೆ?’ ಅಂತ ಯಾರೋ ಹೇಳುತ್ತಾರೆ. ಔಷಧಿ ನಿಲ್ಲಿಸುತ್ತಾರೆ. ತಿಂಗಳೊಳಗೆ ಮತ್ತೆ ಮೊದಲಿನಂತೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಪುಡಿ ಕರುಳನ್ನು ಹಿಂಡುವುದಿಲ್ಲ, ಮಲದಲ್ಲಿ ನೀರು ಉಳಿಸುತ್ತದೆ ಅಷ್ಟೆ. ಇದರಿಂದ ಚಟ ಆಗುವುದಿಲ್ಲ. ಹಿಗ್ಗಿದ ನಾಳ ಮೊದಲಿನಂತಾಗಲು ಮತ್ತು ಆ ನೋವಿನ ನೆನಪು ಅಳಿಯಲು ಸಮಯ ಬೇಕು. ಕನಿಷ್ಠ ಎರಡು ತಿಂಗಳು. ನಿಮ್ಮ ಮಗನಿಗೆ ಬಹುಶಃ ಆರು ತಿಂಗಳಿಗೂ ಜಾಸ್ತಿ. ಒಂದು ತಿಂಗಳಿಡೀ ಯಾವ ತೊಂದರೆಯೂ ಇಲ್ಲ ಅಂದ ಮೇಲೆ ನಿಧಾನವಾಗಿ ಇಳಿಸುವುದು.

ಔಷಧಿಯಷ್ಟೇ ಮುಖ್ಯ, ಕೂರುವ ಅಭ್ಯಾಸ. ತಿಂಡಿ, ಊಟ ಆದ ಮೇಲೆ ದೊಡ್ಡ ಕರುಳು ತಾನಾಗೇ ಚುರುಕಾಗುತ್ತದೆ. ಆಗ ಐದು ಹತ್ತು ನಿಮಿಷ ಕೂರಿಸಿ. ಬಂದರೂ ಸರಿ, ಬರದಿದ್ದರೂ ಸರಿ, ಕೂತಿದ್ದಕ್ಕೆ ಶಭಾಷ್ ಅನ್ನಿ. ನಿಮ್ಮ ಮನೆಯಲ್ಲಿರುವುದು ಕಮೋಡ್. ಐದು ವರ್ಷದ ಮಗುವಿನ ಕಾಲು ಅದರಲ್ಲಿ ನೇತಾಡುತ್ತದೆ. ಕಾಲು ಊರಲು ಒಂದು ಮಣೆಯೋ ಸ್ಟೂಲೋ ಇಡಿ. ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲಿರಲಿ. ನಮ್ಮ ಹಳೇ ಕಾಲದ ಕುಕ್ಕರುಗಾಲಿನ ಕಕ್ಕಸು ಈ ವಿಷಯದಲ್ಲಿ ಒಳ್ಳೆಯದೇ. ಹಾಲು ಎಷ್ಟು ಕುಡಿಯುತ್ತಾನೆ ಅಂತ ನೀವು ಬರೆದಿಲ್ಲ. ದಿನಕ್ಕೆ ಅರ್ಧ ಲೀಟರ್ ಮೀರದಿರಲಿ. ಹಾಲಲ್ಲೇ ಹೊಟ್ಟೆ ತುಂಬಿದರೆ ಸೊಪ್ಪು, ಕಾಳು, ಹಣ್ಣಿಗೆ ಜಾಗ ಎಲ್ಲಿ?

ಅತ್ತೆಯವರಿಗೂ ಈ ಉತ್ತರ ಓದಿ ಹೇಳಿ. ಮಿಸ್ ಹತ್ತಿರ ಎರಡು ಮಾತು ಕೇಳಿಕೊಳ್ಳಿ: ಕೇಳಿದ ತಕ್ಷಣ ಟಾಯ್ಲೆಟ್ಟಿಗೆ ಬಿಡಬೇಕು, ಚಡ್ಡಿ ಕೆಟ್ಟರೆ ಬೇರೆ ಮಕ್ಕಳ ಮುಂದೆ ಏನೂ ಅನ್ನಬಾರದು.

ಪ್ರಶ್ನೆ: ನಮ್ಮ ಗಂಡು ಮಗುವಿಗೆ ಮೂರು ತಿಂಗಳು. ಹುಟ್ಟಿದಾಗ ಮೊದಲ ಕಪ್ಪು ಕಕ್ಕ ಮೂರನೇ ದಿನ ಆಯಿತು. ಈಗಲೂ ಸಪೊಸಿಟರಿ (ಗುದದೊಳಗೆ ಇಡುವ ಮಾತ್ರೆ) ಇಟ್ಟರೆ ಮಾತ್ರ ಆಗುತ್ತದೆ. ಆಗ ಗಾಳಿ ಸಮೇತ ಬುಸ್ಸೆಂದು ಹೊರಗೆ ಬರುತ್ತದೆ. ಹೊಟ್ಟೆ ಯಾವಾಗಲೂ ಉಬ್ಬಿರುತ್ತದೆ. ತೂಕ ಸರಿಯಾಗಿ ಏರುತ್ತಿಲ್ಲ. ದೊಡ್ಡವನಾದರೆ ಸರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕಾಯಬಹುದಾ?
— ಕೋಲಾರದಿಂದ ಒಬ್ಬ ತಂದೆ

ಉತ್ತರ: ಕಾಯಬೇಡಿ. ಈ ವಾರದಲ್ಲೇ ಮಕ್ಕಳ ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಂಗಳೂರು ನಿಮಗೆ ಹತ್ತಿರ. ಅಲ್ಲಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಈ ವಿಭಾಗವಿದೆ.

ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಕ್ಕಳು ಮೊದಲ 24 ಗಂಟೆಯಲ್ಲೇ ಕಪ್ಪು ಕಕ್ಕ ಮಾಡುತ್ತಾರೆ. 48 ಗಂಟೆ ದಾಟಿದರೆ ನಾವು ಎಚ್ಚರವಾಗುತ್ತೇವೆ. ನೀವು ಬರೆದಿರುವ ಪ್ರತಿಯೊಂದು ಸಾಲೂ ಹಿರ್ಷ್‌ಸ್ಪ್ರಂಗ್ ಕಾಯಿಲೆಯ ಕಡೆ ಕೈ ತೋರಿಸುತ್ತದೆ. ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ, ಗಂಡುಮಕ್ಕಳಲ್ಲೇ ಜಾಸ್ತಿ. ತಾಯಿ ಹೊಟ್ಟೆಯಲ್ಲಿರುವಾಗ ಕರುಳಿನ ನರಕೋಶಗಳು ಮೇಲಿನಿಂದ ಕೆಳಕ್ಕೆ ಇಳಿದು ಬರಬೇಕು. ಈ ಮಕ್ಕಳಲ್ಲಿ ಅವು ಕೊನೆ ಮುಟ್ಟದೆ ನಡುವೆಯೇ ನಿಂತಿರುತ್ತವೆ. ನರಕೋಶ ಇಲ್ಲದ ಭಾಗ ಸಡಿಲವಾಗುವುದೇ ಇಲ್ಲ, ಯಾವಾಗಲೂ ಮುದುರಿಕೊಂಡೇ ಇರುತ್ತದೆ. ಅದರ ಮೇಲಿನ ಒಳ್ಳೆಯ ಕರುಳು ತಳ್ಳಿ ತಳ್ಳಿ ಸೋತು ಊದಿಕೊಳ್ಳುತ್ತದೆ.

ಡೆನ್ಮಾರ್ಕಿನ ಮಕ್ಕಳ ವೈದ್ಯ ಹೆರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ಇಂಥ ಇಬ್ಬರು ಶಿಶುಗಳ ಬಗ್ಗೆ ಬರ್ಲಿನ್‌ನಲ್ಲಿ ವಿವರಿಸಿದರು. ಆಗ ಎಲ್ಲರ ಕಣ್ಣಿಗೆ ಬಿದ್ದದ್ದು ಊದಿದ ಕರುಳು. ಕಾಯಿಲೆ ಅಲ್ಲೇ ಇದೆ ಅಂದುಕೊಂಡರು. ನೋಡಲು ಚೆನ್ನಾಗೇ ಇದ್ದ ಕೆಳಗಿನ ಸಣ್ಣ ಭಾಗವೇ ಕೆಟ್ಟದ್ದು ಅಂತ ಖಚಿತವಾಗಿ, ಅದನ್ನು ತೆಗೆದುಹಾಕುವ ಆಪರೇಷನ್ ಬಂದದ್ದು 1948ರಲ್ಲಿ, ಅಮೆರಿಕದ ಶಸ್ತ್ರಚಿಕಿತ್ಸಕ ಸ್ವೆನ್ಸನ್ ಅವರಿಂದ.

ಮೊದಲು ಗುದದಿಂದ ಬಣ್ಣದ ದ್ರವ ಹಾಕಿ ಎಕ್ಸ್‌ರೇ ತೆಗೆಯುತ್ತಾರೆ. ಕರುಳು ಎಲ್ಲಿ ಸಣ್ಣ, ಎಲ್ಲಿ ದಪ್ಪ ಅಂತ ಅದರಲ್ಲಿ ಕಾಣುತ್ತದೆ. ಒತ್ತಡ ಅಳೆಯುವ ಮ್ಯಾನೊಮೆಟ್ರಿ ಕೆಲವು ಕಡೆ ಇದೆ. ಒಳಗೆ ಪುಟ್ಟ ಬಲೂನು ಹಿಗ್ಗಿಸಿದಾಗ ಒಳಗಿನ ಬಿಗಿ ಸಡಿಲವಾಗುತ್ತದಾ ಅಂತ ನೋಡುವುದು. ಆದರೆ ಕೊನೆಯ ಮಾತು ಬಯಾಪ್ಸಿಯದು. ಗುದನಾಳದ ಒಳಗಿನಿಂದ ಒಂದು ಚೂರು ತೆಗೆದು ನರಕೋಶ ಇದೆಯೋ ಇಲ್ಲವೋ ನೋಡುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ, ಇದು ಕ್ಯಾನ್ಸರ್ ಪರೀಕ್ಷೆ ಅಲ್ಲ.

ಕಾಯಿಲೆ ಇದೆ ಅಂದರೆ ಆಪರೇಷನ್ನೇ ದಾರಿ. ನರಕೋಶವಿಲ್ಲದ ಭಾಗ ತೆಗೆದು, ಒಳ್ಳೆಯ ಕರುಳನ್ನು ಕೆಳಕ್ಕೆ ಎಳೆದು ಜೋಡಿಸುತ್ತಾರೆ. ಕಾಯಿಲೆ ಇರುವ ಭಾಗ ಚಿಕ್ಕದಿದ್ದರೆ ಎಷ್ಟೋ ಸಲ ಹೊಟ್ಟೆ ಕೊಯ್ಯದೆ ಗುದದ ಮೂಲಕವೇ ಮಾಡಬಹುದು. ಆಮೇಲೂ ಕೆಲವು ಮಕ್ಕಳಿಗೆ ಮಲಬದ್ಧತೆಯೋ ಚಡ್ಡಿ ಕೊಳೆಯೋ ಉಳಿಯುತ್ತದೆ, ವರ್ಷಗಟ್ಟಲೆ ನೋಡಿಕೊಳ್ಳಬೇಕಾಗುತ್ತದೆ.

ಇದನ್ನು ಮಾತ್ರ ಮರೆಯಬೇಡಿ. ಜ್ವರ, ಉಬ್ಬಿದ ಹೊಟ್ಟೆ, ಕೆಟ್ಟ ವಾಸನೆಯ ಭೇದಿ, ಮಗು ಮಂಕಾಗುವುದು, ಹಸಿರು ವಾಂತಿ: ಇವು ಕಂಡರೆ ಅಪಾಯಿಂಟ್‌ಮೆಂಟ್ ಕಾಯದೆ ಆ ರಾತ್ರಿಯೇ ಎಮರ್ಜೆನ್ಸಿಗೆ ಹೊರಡಿ. ಈ ಕಾಯಿಲೆಯ ಮಕ್ಕಳಿಗೆ ಕರುಳಿನ ಸೋಂಕು ಗಂಟೆಗಳಲ್ಲಿ ಏರುತ್ತದೆ, ಜೀವಕ್ಕೇ ಕುತ್ತು.

ಪ್ರಶ್ನೆ: ನಾನು ಅಜ್ಜಿ. ಮೊಮ್ಮಗಳಿಗೆ ಎರಡು ತಿಂಗಳು, ಬರೀ ತಾಯಿ ಹಾಲು. ಹುಟ್ಟಿದ ದಿನವೇ ಕಪ್ಪು ಕಕ್ಕ ಆಗಿತ್ತು. ಈಗ ಆರು ದಿನದಿಂದ ಇಲ್ಲ. ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಇಡೋಣ ಅಂದರೆ ಮಗಳು ಬೇಡ ಅನ್ನುತ್ತಾಳೆ.
— ತೀರ್ಥಹಳ್ಳಿ

ಉತ್ತರ: ಅಮ್ಮಾ, ಈ ಸಲ ಮಗಳ ಮಾತು ಕೇಳಿ. ತಾಯಿ ಹಾಲು ಕುಡಿಯುವ ಮಗು ಒಂದು ತಿಂಗಳು ದಾಟಿದ ಮೇಲೆ ವಾರದವರೆಗೂ ಕಕ್ಕ ಮಾಡದಿರುವುದುಂಟು. ಕೊನೆಗೆ ಆದದ್ದು ಮೆತ್ತಗಿದ್ದರೆ ಅದು ಮಲಬದ್ಧತೆಯೇ ಅಲ್ಲ. ಹತ್ತು ನಿಮಿಷ ಅತ್ತು, ಕೆಂಪಾಗಿ, ಆಮೇಲೆ ಮೆತ್ತಗೆ ಮಾಡುವುದೂ ಈ ವಯಸ್ಸಿಗೆ ಸಹಜ. ಹೊಟ್ಟೆ ಬಿಗಿಮಾಡಿ ಕೆಳಗೆ ಸಡಿಲ ಬಿಡುವುದನ್ನು ಮಗು ಈಗ ಕಲಿಯುತ್ತಿದೆ. ದಿನಾ ತೊಟ್ಟು ಇಟ್ಟರೆ ಆ ಕಲಿಕೆ ತಡವಾಗುತ್ತದೆ, ಎಳೆಯ ಚರ್ಮಕ್ಕೆ ಗಾಯವೂ ಆಗಬಹುದು. ಸೋಪಿನ ಚೂರೂ ಬೇಡ. ಜೇನುತುಪ್ಪ ನೆಕ್ಕಿಸುವುದಂತೂ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಅದರಿಂದ ಬರಬಹುದಾದ ಬಾಟುಲಿಸಂ ಅನ್ನುವ ಕಾಯಿಲೆಯಲ್ಲಿ ಮೊದಲು ಕಾಣುವುದೇ ಮಲ ಕಟ್ಟುವುದು.

ಹಾಲು ಚೆನ್ನಾಗಿ ಕುಡಿದು, ಆಡಿಕೊಂಡು, ಮೂತ್ರ ಸರಿಯಾಗಿ ಮಾಡುತ್ತಿದ್ದರೆ ಇನ್ನೆರಡು ದಿನ ನೋಡಿ. ಹೊಟ್ಟೆ ಗಟ್ಟಿಯಾಗಿ ಉಬ್ಬಿದರೆ, ಹಾಲು ಬಿಟ್ಟರೆ, ವಾಂತಿ ಹಸಿರಾದರೆ ಆಗ ತಡ ಮಾಡದೆ ತೋರಿಸಿ. ಅಲ್ಲಿಯವರೆಗೆ ಸ್ನಾನ ಆದ ಮೇಲೆ ಬೆಚ್ಚಗಿನ ಕೈಯಿಂದ ಹೊಟ್ಟೆ ನೀವಿ, ಕಾಲು ಮಡಚಿ ಸೈಕಲ್ ತುಳಿಸಿ. ಅದು ನಿಮಗೆ ನಮಗಿಂತ ಚೆನ್ನಾಗಿ ಬರುತ್ತದೆ.