ಹೊಸ ಗಾರೆಯ ಒಳಗೋಡೆಗೆ ಬಣ್ಣ ಹಚ್ಚಲು ಎಷ್ಟು ದಿನ ಕಾಯಬೇಕು?

ಸಿಮೆಂಟ್ ಗಾರೆ ಮಾಡಿದ ಒಳಗೋಡೆಗೆ ಸಾಮಾನ್ಯವಾಗಿ ಕನಿಷ್ಠ 28 ದಿನಗಳ ಬಿಡುವು ಕೊಡಬೇಕು. ಮಳೆಗಾಲದ ಕರಾವಳಿ ಅಥವಾ ಮಲೆನಾಡಿನಲ್ಲಾದರೆ ಇದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ. ಹಸಿ ಗಾರೆಯಲ್ಲಿ ನೀರಿನೊಂದಿಗೆ ಪ್ರಬಲ ಕ್ಷಾರವೂ ಇರುವುದರಿಂದ, ಅವಸರದಲ್ಲಿ ಎಮಲ್ಷನ್ (ನೀರು ಆಧಾರಿತ ಗೋಡೆ ಬಣ್ಣ) ಬಳಿದರೆ ಒಳಗಿನ ತೇವವು ಹೊರಬರುವಾಗ ಲವಣಗಳನ್ನು ಮೇಲ್ಮೈಗೆ ಹೊತ್ತು ತಂದು, ಬಣ್ಣ ಗುಳ್ಳೆಯೇಳುವುದಕ್ಕೂ ಗೋಡೆಯ ಮೇಲೆ ಬಿಳಿ ಪುಡಿ ಕಾಣಿಸಿಕೊಳ್ಳುವುದಕ್ಕೂ ಕಾರಣವಾಗುತ್ತದೆ.

ದಿನಗಳ ಲೆಕ್ಕಕ್ಕಿಂತ ಗೋಡೆಯನ್ನೇ ಪರೀಕ್ಷಿಸುವುದು ಮೇಲೆಂಬುದು ನನ್ನ ಅಭಿಪ್ರಾಯ. ಸುಮಾರು ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಭದ್ರವಾಗಿ ಅಂಟಿಸಿ, 24 ಗಂಟೆಗಳ ನಂತರ ತೆಗೆದಾಗ ಅದರ ಒಳಮೈಯಲ್ಲಿ ಹನಿಗಳು ಕಂಡರೆ ಅಥವಾ ಆ ಭಾಗದ ಗಾರೆ ಕಪ್ಪಾಗಿದ್ದರೆ, ಗೋಡೆ ಇನ್ನೂ ಒಣಗಿಲ್ಲವೆಂದೇ ತಿಳಿಯಬೇಕು. ಬಚ್ಚಲುಮನೆಗೆ ಹೊಂದಿಕೊಂಡ ಗೋಡೆಯಲ್ಲಂತೂ ಈ ಪರೀಕ್ಷೆಯನ್ನು ತಪ್ಪದೆ ಮಾಡಿ. ಅಲ್ಲಿಯ ತೇವ ಕೊಳವೆಯ ಸೋರಿಕೆಯದ್ದೂ ಆಗಿರಬಹುದು.

ಒಣಗಿದ ಬಳಿಕ ಗೋಡೆಯನ್ನು ಉಜ್ಜಿ, ಧೂಳು ಒರೆಸಿ, ಪುಟ್ಟಿ (ಗೋಡೆಯನ್ನು ನಯಗೊಳಿಸುವ ಲೇಪ), ಪ್ರೈಮರ್ (ಬಣ್ಣ ಚೆನ್ನಾಗಿ ಹಿಡಿಯಲು ಬಳಿಯುವ ತಳಲೇಪ), ಅನಂತರ ಎರಡು ಕೋಟ್ ಎಮಲ್ಷನ್ ಎಂಬ ಕ್ರಮದಲ್ಲಿ ಹಚ್ಚಿ, ಕೋಟುಗಳ ನಡುವೆ ಡಬ್ಬಿಯ ಮೇಲೆ ಸೂಚಿಸಿದ ಅಂತರವನ್ನು, ಸಾಮಾನ್ಯವಾಗಿ 4ರಿಂದ 6 ಗಂಟೆಗಳನ್ನು, ಪಾಲಿಸಿ.